ಪಂಕ್ತಿಯಲ್ಲಿ ಪಕ್ಕಕ್ಕೆ ಯಾರು?

ಭಾನುವಾರ ಆರಾಧನೆ ಮುಗಿಸಿ ಹೊರಬರುವಾಗ ಯುವಕೂಟದ ನೀವು ನನ್ನನ್ನು ಮೆಟ್ಟಿಲಲ್ಲೇ ತಡೆದು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. "ಹಣಿಗೆ ಟಿಕಳಿ ಹಚ್ಕೋಬಹುದೇನ್ರಿ ಬಾಯಿ?" "ಬಾಜೂಮನಿಯವರು ದೀಪಾವಳಿ ಫರಾಳ ಕೊಟ್ಟರ ತಿನ್ನಬೇಕೋ ಬ್ಯಾಡೋ?" "ಗಲ್ಲಿ ಗಣಪತಿಗೆ ವರ್ಗಣಿ ಕೇಳಾಕ ಬಂದಾರ, ಏನ್ ಹೇಳೋದ್ರಿ?" "ಮದುವ್ಯಾಗ ಬಿಳಿ ಸೀರಿ ಉಡಲಿಲ್ಲಂದ್ರ ನಡೀತೈತೇನು?"

ನಿಮಗೆ ಬೇಕಾಗಿರುವುದು ಹೌದು ಅಥವಾ ಇಲ್ಲ ಎಂಬ ಒಂದು ಮಾತು. ನಾನು ಅದನ್ನು ಕೊಡುವುದಿಲ್ಲವೆಂದು ಕೆಲವರಿಗೆ ಬೇಸರವಿದೆ. ಒಂದು ಮಾತಿನಲ್ಲಿ ಹೇಳಬಹುದಾದ ವಿಷಯಗಳು ಬೇರೆ ಇವೆ. ಕಳ್ಳತನ, ಸುಳ್ಳುಸಾಕ್ಷಿ, ವ್ಯಭಿಚಾರ, ದುಡಿದವನ ಕೂಲಿ ಹಿಡಿದಿಡುವುದು, ದೇವರಲ್ಲದ್ದಕ್ಕೆ ಅಡ್ಡಬೀಳುವುದು, ಇವುಗಳ ಬಗ್ಗೆ ಸತ್ಯವೇದ ತಡವರಿಸುವುದಿಲ್ಲ, ನಾನೂ ತಡವರಿಸುವುದಿಲ್ಲ. ದೀಕ್ಷಾಸ್ನಾನ, ಕರ್ತನ ಭೋಜನ, ನೆರೆಯವನ ಮೇಲಿನ ಪ್ರೀತಿ, ಇವೂ ಅಷ್ಟೇ ಸ್ಪಷ್ಟ. ಆದರೆ ಇವೆರಡರ ನಡುವೆ ವಾಕ್ಯ ಮಾಡು ಎಂದೂ ಹೇಳದ, ಬೇಡ ಎಂದೂ ಹೇಳದ ದೊಡ್ಡದೊಂದು ಬಯಲಿದೆ. ನಮ್ಮ ಉಡುಗೆ, ಊಟ, ಭಾಷೆ, ಹಾಡು, ಹಬ್ಬ, ಮದುವೆಯ ಸಂಪ್ರದಾಯ ಎಲ್ಲ ಅಲ್ಲೇ ಇರುವುದು. ನಮ್ಮ ಸಭೆಗಳಲ್ಲಿ ಜಗಳ ಹುಟ್ಟುವುದೂ ಅಲ್ಲೇ.

ಈ ಬಯಲಿನಲ್ಲಿ ಒಂದೊಂದು ಅಡಿಗೂ ಬೇಲಿ ಹಾಕುವವರಿದ್ದಾರೆ. ಅವರ ಮನಸ್ಸು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಜಿನೀವಾದ ಸುಧಾರಕ ಕ್ಯಾಲ್ವಿನ್ ಚೆನ್ನಾಗಿ ಕಂಡಿದ್ದರು. ನಯವಾದ ಬಟ್ಟೆ ಬಳಸಬಹುದೇ ಎಂದು ಒಮ್ಮೆ ಅನುಮಾನ ಶುರುವಾದವನಿಗೆ ನಾಳೆ ಒರಟು ಬಟ್ಟೆಯ ಬಗ್ಗೆಯೂ ಅನುಮಾನ ಬರುತ್ತದೆ. ಒಳ್ಳೆಯ ದ್ರಾಕ್ಷಾರಸ ಬೇಡವೆಂದವನಿಗೆ ಹುಳಿಯಾದದ್ದೂ ಗಂಟಲಿಳಿಯದು, ಕೊನೆಗೆ ಸಿಹಿನೀರು ಕುಡಿಯುವುದೂ ಪಾಪವೆನಿಸುತ್ತದೆ. ದಾರಿಯಲ್ಲಿ ಬಿದ್ದ ಹುಲ್ಲುಕಡ್ಡಿ ದಾಟಲೂ ಅಂಥವನು ಹೆದರುತ್ತಾನೆ. 1559ರಲ್ಲಿ ಮುಗಿಸಿದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಬರೆದ ಮಾತಿನ ಸಾರ ಇದು. ಶಿಸ್ತಿಗೆ ಹೆಸರಾದ ಮನುಷ್ಯನೇ ಹೀಗೆ ಬರೆದರು ಎಂಬುದನ್ನು ಗಮನಿಸಿ. ಇನ್ನೊಂದು ಕಡೆ, ವಾಕ್ಯದಲ್ಲಿ ನಿಷೇಧವಿಲ್ಲ, ಆದ್ದರಿಂದ ನನ್ನಿಷ್ಟ, ಕೇಳಲು ನೀವ್ಯಾರು ಎನ್ನುವವರಿದ್ದಾರೆ. ನಿಮ್ಮ ವಯಸ್ಸಿನವರಿಗೆ ಈ ಎರಡನೆಯ ದಾರಿ ಹೆಚ್ಚು ಹಿಡಿಸುತ್ತದೆ. ಇಬ್ಬರೂ ಒಂದು ವಿಷಯದಲ್ಲಿ ಒಂದೇ: ತನ್ನ ಪಕ್ಕದಲ್ಲಿ ಕೂತವರು ಯಾರು ಎಂದು ಇಬ್ಬರೂ ತಿರುಗಿ ನೋಡುವುದಿಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯಗಳನ್ನು ಬೆಳಗಾವಿಯಲ್ಲಿ ಕೂತು ಓದಿ. ಯೂರೋಪಿನ ವ್ಯಾಖ್ಯಾನಕಾರರು ಎಷ್ಟೋ ಪುಟ ಬರೆದು ವಿವರಿಸಬೇಕಾದದ್ದು ನಮಗೆ ಓದುತ್ತಲೇ ಅರ್ಥವಾಗುತ್ತದೆ, ಏಕೆಂದರೆ ನಾವು ಅಂಥದ್ದೇ ಊರಿನಲ್ಲಿ ಬದುಕುತ್ತಿದ್ದೇವೆ. ಅಲ್ಲಿ ಪೌಲನು ಮೂರು ಜಾಗಗಳನ್ನು ಬೇರೆಬೇರೆಯಾಗಿ ನೋಡುತ್ತಾನೆ. ಒಂದು ಪೇಟೆ. ಅಲ್ಲಿ ಮಾರಾಟಕ್ಕೆ ಬಂದ ಮಾಂಸ ಎಲ್ಲಿಂದ ಬಂತೆಂದು ವಿಚಾರಿಸುತ್ತ ಕೂರಬೇಡಿ, ಕೊಂಡು ತಿನ್ನಿ ಎನ್ನುತ್ತಾನೆ. ನೀವು ಖಡೇಬಜಾರದಲ್ಲಿ ಕುಂದಾ ಕೊಳ್ಳುವಾಗ ಆ ಅಂಗಡಿಯವರು ಬೆಳಿಗ್ಗೆ ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಬೆಳಗಿದ್ದಾರೆಯೇ ಎಂದು ಕೇಳುವುದಿಲ್ಲವಲ್ಲ, ಹಾಗೆಯೇ. ಎರಡನೆಯದು ನೆರೆಯವರ ಮನೆ. ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ಮೂರನೆಯದು ವಿಗ್ರಹದ ಮುಂದೆ ಅದರ ಆರಾಧನೆಯ ಭಾಗವಾಗಿ ಹಾಕಿದ ಪಂಕ್ತಿ. ಅಲ್ಲಿ ಮಾತ್ರ ಅವನು ಗಟ್ಟಿಯಾಗಿ ಬೇಡ ಎನ್ನುತ್ತಾನೆ, ಕರ್ತನ ಪಂಕ್ತಿಯಲ್ಲಿ ಕೂತವರು ಅಲ್ಲಿ ಕೂರಲಾಗದು ಎನ್ನುತ್ತಾನೆ.

ಹಾಗಾಗಿ ಫರಾಳದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಪಕ್ಕದ ಮನೆಯ ವೈನಿ ತಾಟಿನ ಮೇಲೆ ಕರವಸ್ತ್ರ ಹೊದಿಸಿ ತರುವ ಚಕ್ಕುಲಿ, ಶಂಕರಪಾಳಿ, ಕರಂಜಿ ಅವಳ ಅಕ್ಕರೆ. ತೆಗೆದುಕೊಳ್ಳಿ, ಅವಳೆದುರೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳಿ. ಕ್ರಿಸ್ಮಸ್ಸಿಗೆ ತಾಟು ಖಾಲಿ ಕಳಿಸದೆ ಕಲಕಲ್, ಕೇಕು ತುಂಬಿ ಕಳಿಸಿ. ಆದರೆ ಮಂಟಪದಲ್ಲಿ ಆರತಿಯಾದ ಮೇಲೆ ಕೈಗೆ ಹಾಕುವ ಪ್ರಸಾದವನ್ನು ನಾನು ತೆಗೆದುಕೊಳ್ಳುವುದಿಲ್ಲ. ಕೈಮುಗಿದು, "ನಮಗ ಇದು ನಡಿಯಂಗಿಲ್ರಿ, ತಪ್ಪು ತಿಳೀಬ್ಯಾಡ್ರಿ" ಎನ್ನುತ್ತೇನೆ. ಹೀಗೆ ನೇರವಾಗಿ, ಮರ್ಯಾದೆಯಿಂದ ಹೇಳಿದ್ದಕ್ಕೆ ಗಲ್ಲಿಯಲ್ಲಿ ಒಬ್ಬರೂ ನನ್ನ ಮೇಲೆ ಸಿಟ್ಟಾದದ್ದಿಲ್ಲ. ಸ್ವಂತ ವ್ರತ-ನೇಮ ಇರುವವರಿಗೆ ಇನ್ನೊಬ್ಬರ ನೇಮ ಬೇಗ ಅರ್ಥವಾಗುತ್ತದೆ. ವರ್ಗಣಿಯದೂ ಇದೇ ಲೆಕ್ಕ. ಟಿಳಕರ ಕಾಲದಿಂದ ಬೆಳಗಾವಿಯಲ್ಲಿ ಗಣಪತಿ ಕೂರಿಸುವುದು ಗಲ್ಲಿಗೆ ಗಲ್ಲಿಯೇ ಸೇರಿ ಮಾಡುವ ಕೆಲಸ, ಅದರಲ್ಲಿ ಪೂಜೆಯೂ ಇದೆ, ರಕ್ತದಾನದ ಶಿಬಿರವೂ ಇದೆ. ಪೂಜೆಯ ಖರ್ಚಿಗೆ ನನ್ನಿಂದಾಗದು, ಶಿಬಿರಕ್ಕೋ ಅನ್ನಕ್ಕೋ ಕೊಡುತ್ತೇನೆ ಎಂದು ಮಂಡಳಿಯ ಹುಡುಗರಿಗೆ ನಾನು ಹೇಳುತ್ತೇನೆ. ನಿಮ್ಮಲ್ಲಿ ಒಬ್ಬರ ಮನಸ್ಸಾಕ್ಷಿ ಅಷ್ಟನ್ನೂ ಒಪ್ಪದಿದ್ದರೆ ಕೊಡಬೇಡಿ. ಕೊಟ್ಟ ನನ್ನನ್ನು ದೂರಬೇಡಿ, ನಾನೂ ನಿಮ್ಮನ್ನು ಸಂಕುಚಿತ ಮನಸ್ಸಿನವರು ಎನ್ನುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಕೇಳುವುದು ಇಷ್ಟೇ: ತಿನ್ನುವವನು ತಿನ್ನದವನನ್ನು ಹೀನಾಯ ಮಾಡದಿರಲಿ, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡದಿರಲಿ.

ಇಷ್ಟು ನಿಮಗೆ ಪಾಸ್ಟರ್ ಕೂಡ ಹೇಳಿದ್ದಾರೆ. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇನ್ನು ಮುಂದಿದೆ, ಅದಕ್ಕಾಗಿ ನಿಮ್ಮನ್ನು ದೇಶನೂರಿಗೆ ಕರೆದೊಯ್ಯಬೇಕು.

2019ರಲ್ಲಿ ನಿಮ್ಮೆಲ್ಲರ ಮೊಬೈಲಿಗೂ ಬಂದಿದ್ದ ಆ ಫೋಟೊಗಳನ್ನು ನೆನಪಿಸಿಕೊಳ್ಳಿ. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಬೆಳಗಾವಿಯ ಕಥೋಲಿಕ ಧರ್ಮಾಧ್ಯಕ್ಷ ಡೆರೆಕ್ ಫೆರ್ನಾಂಡಿಸ್ ಕಾವಿ ಹೊದ್ದು, ಹಣೆಗೆ ತಿಲಕವಿಟ್ಟು ನಿಂತಿದ್ದರು. ದೇಶದ ಮೂಲೆಮೂಲೆಯ ಕ್ರೈಸ್ತರು ಅದನ್ನು ನೋಡಿ ಕೂಗಾಡಿದರು. ಕೂಗಾಡಿದವರಲ್ಲಿ ಬಹುಮಂದಿಗೆ ದೇಶನೂರು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಅಲ್ಲಿಯ ಯೇಸುಸಭೆಯ ಪಾದ್ರಿಗಳು ಲಿಂಗಾಯತರ ನಡುವೆ ದಶಕಗಳಿಂದ ವಿರಕ್ತರ ಹಾಗೆ ಬದುಕುತ್ತ ಬಂದವರು. ಇಗರ್ಜಿಯನ್ನು ಮಠದ ಮಾದರಿಯಲ್ಲಿ ಕಟ್ಟಿದರು, ಹೆಸರೂ ವಿರಕ್ತಮಠವೆಂದೇ. ಕಾವಿ ಉಟ್ಟರು, ಸಸ್ಯಾಹಾರಿಗಳಾದರು. ಊರಿನವರಿಗೆ ಅವರು ಸ್ವಾಮಿಗಳು.

ನಮ್ಮ ಯುವಕೂಟದಲ್ಲೂ ಆಗ ವಾದ ಎದ್ದಿತ್ತು. ಕಾವಿ ಬಣ್ಣ ಸತ್ಯವೇದದಲ್ಲಿ ಎಲ್ಲಿ ನಿಷಿದ್ಧವಾಗಿದೆ ಎಂದು ಕೆಲವರು, ಕ್ರಿಸ್ತನನ್ನು ಮಾರಿಕೊಂಡರು ಎಂದು ಕೆಲವರು. ವಾಸ್ತವವಾಗಿ ಇದು ನಾನೂರು ವರ್ಷ ಹಳೆಯ ವಾದ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ಪಾದ್ರಿ ರಾಬರ್ಟ್ ದೆ ನೊಬಿಲಿ ಪರಂಗಿಯವರ ವೇಷ ಬಿಟ್ಟು ಸಂನ್ಯಾಸಿಯ ಉಡುಗೆ ತೊಟ್ಟರು, ಮಾಂಸ ಬಿಟ್ಟರು. ದೀಕ್ಷಾಸ್ನಾನ ಪಡೆದ ಬ್ರಾಹ್ಮಣರು ಜನಿವಾರ, ಶಿಖೆ, ಗಂಧ, ಸ್ನಾನದ ನೇಮ ಉಳಿಸಿಕೊಳ್ಳಬಹುದು ಎಂದು ಅವರು ವಾದಿಸಿದರು, 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಅದನ್ನು ಒಪ್ಪಿದರು. ಆ ಶತಮಾನದ ನಡುವಿನಲ್ಲಿ ನಮ್ಮ ಮೈಸೂರು ಸೀಮೆಗೆ ಬಂದ ಲಿಯೊನಾರ್ದೊ ಚಿನ್ನಾಮಿ ಹಿಡಿದದ್ದೂ ಇದೇ ದಾರಿ. ಆಮೇಲೆ ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದ ದೆ ತೂರ್ನೊನ್ 1704ರಲ್ಲಿ ಒಂದು ದೊಡ್ಡ ಪಟ್ಟಿಯನ್ನೇ ನಿಷೇಧಿಸಿದರು. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಆ ನಿಷೇಧವನ್ನು ಬಿಗಿಮಾಡಿದರು. ಇಲ್ಲಿಗೆ ಬರುವ ಪಾದ್ರಿಗಳು ಆ ಆಚಾರಗಳನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಬೇಕಿತ್ತು, ಆ ಆಣೆ ತೆಗೆದದ್ದು 1940ರಲ್ಲಿ. ಮುಂದೆ 1969ರಲ್ಲಿ ನೆಲದ ಮೇಲೆ ಕೂರುವುದು, ದೀಪ, ಆರತಿ, ಕೈಮುಗಿಯುವುದು ಇವೆಲ್ಲ ಸೇರಿದ ಹನ್ನೆರಡು ಮಾರ್ಪಾಡುಗಳಿಗೆ ಭಾರತದ ಧರ್ಮಾಧ್ಯಕ್ಷರು ರೋಮಿನ ಒಪ್ಪಿಗೆ ಪಡೆದರು.

ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಕೊನೆಗೂ ಉದಾರತೆ ಗೆದ್ದಿತು ಎನ್ನುತ್ತಾರೆ. ನನಗೆ ಆ ಹಳೆಯ ಪಟ್ಟಿಯೇ ಹೆಚ್ಚು ಕಾಡುತ್ತದೆ. ಅದರಲ್ಲಿ ತಾಳಿಯಿತ್ತು, ತಿಲಕವಿತ್ತು, ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದಿತ್ತು. ಅವುಗಳ ಜೊತೆಗೇ ಇನ್ನೊಂದಿತ್ತು: ಕಾಯಿಲೆ ಬಿದ್ದ, ಅಸ್ಪೃಶ್ಯರೆನಿಸಿದ್ದ ಪರೆಯರ ಮನೆಗೆ ಪಾದ್ರಿ ಒಳಗೆ ಹೋಗದೆ ಇರುವ ರೂಢಿ. ಸಾಯುತ್ತಿರುವ ಕ್ರೈಸ್ತನಿಗೆ ಅವನ ಗುಡಿಸಿಲಿಗೆ ಹೋಗಿ ಸಂಸ್ಕಾರ ಕೊಡಲಾಗದು, ಹೋದರೆ ಮೇಲ್ಜಾತಿಯವರು ನಮ್ಮನ್ನು ಹತ್ತಿರ ಸೇರಿಸರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ದೊರೆತ ಪರಿಹಾರವಾದರೂ ಏನು? ಪರೆಯರಿಗೇ ಬೇರೆ ಪಾದ್ರಿಗಳು. ತಾಳಿಯನ್ನೂ ಈ ರೂಢಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಎಲ್ಲವೂ ಈ ನೆಲದ ಸಂಪ್ರದಾಯ ಎಂದರು ಆ ಪಾದ್ರಿಗಳು. ತಾಳಿ ವಾಕ್ಯದ ಮೌನಕ್ಕೆ ಸೇರಿದ್ದು. ರೋಗಿಯ ಹೊಸ್ತಿಲು ದಾಟದಿರುವುದರ ಬಗ್ಗೆ ವಾಕ್ಯ ಮೌನವಾಗಿಲ್ಲ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ತೆರೆದು ನೋಡಿ.

ಪ್ರಾಟೆಸ್ಟಂಟರಾದ ನಾವು ಇದನ್ನು ಕೇಳಿ ಎದೆ ಉಬ್ಬಿಸಬೇಕಾಗಿಲ್ಲ. ತಂಜಾವೂರು, ಮದರಾಸಿನ ಸಭೆಗಳಲ್ಲಿ ಜಾತಿವಾರು ಆಸನ, ಕರ್ತನ ಭೋಜನಕ್ಕೆ ಮೊದಲು ಮೇಲ್ಜಾತಿ ಆಮೇಲೆ ಉಳಿದವರು ಎಂಬ ಸಾಲು ದಶಕಗಳ ಕಾಲ ನಡೆಯಿತು. ಇದು ಸಮಾಜದ ಮರ್ಯಾದೆ, ಧರ್ಮದ ವಿಷಯವಲ್ಲ, ಆದ್ದರಿಂದ ಬಿಟ್ಟುಬಿಡಿ ಎಂದು ದೊಡ್ಡ ದೊಡ್ಡ ಮಿಷನರಿಗಳೇ ಸಮ್ಮತಿಸಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದಕ್ಕೆ ಕೊನೆ ಹಾಡಲೇಬೇಕೆಂದು ಸಭೆಗಳಿಗೆ ಪತ್ರ ಬರೆದಾಗ ನೂರಾರು ಮಂದಿ ಸಭೆ ಬಿಟ್ಟು ಹೋದರು, ಜೊತೆಯಲ್ಲಿ ಕೂರುವುದಕ್ಕಿಂತ ಹೋಗುವುದೇ ಮೇಲೆನಿಸಿತು ಅವರಿಗೆ. ತಮಿಳುನಾಡಿನ ಕೆಲವು ಊರುಗಳಲ್ಲಿ ಒಂದೇ ದೇವರನ್ನು ಆರಾಧಿಸಿದವರ ಸಮಾಧಿಗಳ ನಡುವೆ ಇವತ್ತಿಗೂ ಗೋಡೆಯಿದೆ. ಗೋವೆಯಿಂದ ಘಟ್ಟ ಹತ್ತಿ ಬಂದು ಖಾನಾಪುರದ ಕಾಡಂಚಿನಲ್ಲಿ ನೆಲೆ ನಿಂತ ಕೊಂಕಣಿ ಕ್ರೈಸ್ತರು ಶಿಲುಬೆಯ ಜೊತೆಗೆ ಬಾಮಣ, ಚಾರಡಿ, ಶುದ್ರ ಎಂಬ ಜಾತಿಯ ಎಣಿಕೆಯನ್ನೂ ತಂದರು. ನಮ್ಮ ಕನ್ನಡ ಸಭೆಗಳಲ್ಲಿ ಆಸನ ಬೇರೆ ಇಲ್ಲ. ಆದರೆ ಮದುವೆಗೆ ಹೆಣ್ಣು ಹುಡುಕುವ ಹೊತ್ತಿಗೆ, "ಅವರು ಮೂಲದಾಗ ಯಾವ ಪೈಕಿ?" ಎಂದು ದನಿ ತಗ್ಗಿಸಿ ಕೇಳುವ ಹಿರಿಯರನ್ನು ನೀವು ಕಂಡಿದ್ದೀರಿ. ಕೇಳಿದವರು, ಸತ್ಯವೇದದಲ್ಲಿ ಇದಕ್ಕೆ ನಿಷೇಧ ಎಲ್ಲಿದೆ ಎನ್ನುತ್ತಾರೆ. ಟಿಕಳಿಯ ವಿಷಯದಲ್ಲಿ ವಚನ ಹುಡುಕಿ ಹುಡುಕಿ ತೋರಿಸುವವರೂ ಬಹಳ ಸಲ ಅವರೇ.

ಅಂತಿಯೋಕ್ಯದಲ್ಲಿ ಪೇತ್ರನು ಮಾಡಿದ್ದು ಏನು? ಅನ್ಯಜನರೊಂದಿಗೆ ಉಣ್ಣುತ್ತಿದ್ದವನು ಯೆರೂಸಲೇಮಿನಿಂದ ಕೆಲವರು ಬಂದೊಡನೆ ಪಂಕ್ತಿಯಿಂದ ಎದ್ದ. ಅಷ್ಟೇ. ಯಾರೊಂದಿಗೆ ಕೂತು ಉಣ್ಣಬೇಕೆಂಬುದು ಅವನ ಇಷ್ಟವಲ್ಲವೇ ಎಂದು ವಾದಿಸಬಹುದಿತ್ತು. ಪೌಲನು ಎಲ್ಲರೆದುರು ಅವನನ್ನು ತಡೆದು, ಇದು ಸುವಾರ್ತೆಗೇ ವಿರೋಧ ಎಂದ. ಊಟದ ಪದಾರ್ಥದ ವಿಷಯದಲ್ಲಿ ಅಷ್ಟು ಸಡಿಲವಾಗಿದ್ದ ಪೌಲನು ಪಂಕ್ತಿಯ ವಿಷಯದಲ್ಲಿ ಒಂದಿಷ್ಟೂ ಬಿಡಲಿಲ್ಲ. ಎಲೆಯ ಮೇಲೆ ಏನಿದೆ ಎನ್ನುವುದು ನಿಮ್ಮ ಸ್ವಾತಂತ್ರ್ಯ, ಮಕ್ಕಳೇ. ಪಕ್ಕದ ಎಲೆಗೆ ಯಾರು ಬಂದು ಕೂರಬಹುದು ಎಂಬುದನ್ನು ಕರ್ತನು ನಿಮ್ಮ ಕೈಗೆ ಬಿಟ್ಟಿಲ್ಲ. ಯೆರೂಸಲೇಮಿನ ಹಿರಿಯರು ಅನ್ಯಜನರ ಸಭೆಗಳಿಗೆ ವಿಗ್ರಹಕ್ಕಿಟ್ಟದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು ಬೇಡವೆಂದು ಬರೆದ ಪತ್ರವನ್ನೂ ನಾನು ಹೀಗೆಯೇ ಓದುತ್ತೇನೆ: ಯೆಹೂದ್ಯರೂ ಗ್ರೀಕರೂ ಅಸಹ್ಯವಿಲ್ಲದೆ ಒಂದೇ ಮೇಜಿಗೆ ಕೂರಲಿ ಎಂದು ಕೇಳಿಕೊಂಡದ್ದು ಅದು. ಪಂಕ್ತಿಭೇದದ ಜಗಳ ಈ ನೆಲಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅದಕ್ಕಾಗಿ ಪ್ರಾಣ ಕೊಟ್ಟರು. ದೇಶನೂರಿನ ಲಿಂಗಾಯತರಿಗೆ ಕಾವಿಯುಟ್ಟ ಪಾದ್ರಿಯ ವೇಷಕ್ಕಿಂತ ಅವರ ಮಠದಲ್ಲಿ ಯಾರು ಯಾರು ಒಟ್ಟಿಗೆ ಉಣ್ಣುತ್ತಾರೆ ಎಂಬುದರಿಂದಲೇ ಕ್ರಿಸ್ತನು ಯಾರೆಂದು ತಿಳಿದೀತು. ಅಲ್ಲಿ ಎಲ್ಲರೂ ಕೂಡಿ ಕೂರುವುದಾದರೆ ಅವರು ಕಾವಿಯನ್ನಾದರೂ ಉಡಲಿ, ಬಿಳಿಯನ್ನಾದರೂ ಉಡಲಿ, ನನ್ನ ತಕರಾರಿಲ್ಲ.

ಈಗ ಟಿಕಳಿಗೆ ಬರೋಣ. ಹಚ್ಚಿಕೊಳ್ಳುವುದು, ಬಿಡುವುದು ನಿಮ್ಮಿಷ್ಟ. ನಮ್ಮ ಹಳಬರು ಹಚ್ಚುತ್ತಿರಲಿಲ್ಲ, ಬಿಟ್ಟು ಬಂದದ್ದನ್ನು ಬಿಟ್ಟಿದ್ದೇವೆ ಎಂದು ಹಣೆಯಿಂದಲೇ ಸಾರಬೇಕಾದ ಕಾಲ ಅದು, ಅವರ ಮೇಲೆ ನನಗೆ ಗೌರವವಿದೆ. ಈಗ ಕಾಲೇಜಿನ ಹುಡುಗಿಯರಿಗೆ ಅದು ಬರೀ ಅಲಂಕಾರ. ಅದರಲ್ಲಿ ಧರ್ಮವನ್ನು ಕಾಣುವ ಹೊಸ ವಿಶ್ವಾಸಿನಿ ನಿಮ್ಮ ಪಕ್ಕದಲ್ಲಿದ್ದರೆ, ಅವಳ ಮನಸ್ಸು ಗಟ್ಟಿಯಾಗುವವರೆಗೆ ಅವಳ ಸಲುವಾಗಿ ತೆಗೆದಿಡಿ, ಯಾರೋ ಹೇಳಿದರೆಂದು ತೆಗೆಯಬೇಡಿ. ಮಂಗಳಸೂತ್ರದ ತಾಳಿಯಲ್ಲಿ ಶಿಲುಬೆ ಪೋಣಿಸಿಕೊಂಡವರು ಕರ್ನಾಟಕದ ತುಂಬ ಇದ್ದಾರೆ, ಉಂಗುರ ಮಾತ್ರ ಸಾಕೆನ್ನುವವರೂ ಇದ್ದಾರೆ. ಖಾನಾಪುರದ ಕಡೆಗೆ ಮದುವೆಯಾಗಿ ಹೋಗುವ ಹುಡುಗಿಗೆ ಹಿಂದಿನ ದಿನ ತೆಂಗಿನಹಾಲಿನ ರೋಸು ಹಚ್ಚಿ ಮೀಯಿಸುತ್ತಾರೆ, ಕೆಂಪು ಸಾಡೊ ಉಡಿಸುತ್ತಾರೆ. ನಮ್ಮಲ್ಲಿ ಬಿಳಿ ಸೀರೆ. ಬಿಳಿ ಇಂಗ್ಲೆಂಡಿನಿಂದ ಬಂತು, ಕೆಂಪು ಕೊಂಕಣದಿಂದ ಬಂತು, ಸತ್ಯವೇದದಿಂದ ಎರಡೂ ಬರಲಿಲ್ಲ. ಅತ್ತೆಯ ಮನೆಯವರು ಪ್ರೀತಿಯಿಂದ ಕೊಟ್ಟದ್ದನ್ನು ಉಡಿ.

ಆದರೆ ಇದೇ ಟಿಕಳಿ, ಇದೇ ಬಳೆಗೆ ಇನ್ನೊಂದು ಮುಖವಿದೆ. ಗಂಡ ಸತ್ತ ದಿನ ಹೆಣ್ಣಿನ ಬಳೆ ಒಡೆಯುವುದು, ಆಮೇಲೆ ಕುಬುಸಕ್ಕೆ, ಅರಿಶಿಣಕ್ಕೆ, ಉಡಿ ತುಂಬುವುದಕ್ಕೆ ಅವಳನ್ನು ಹಿಂದೆ ನಿಲ್ಲಿಸುವುದು. ಕ್ರೈಸ್ತರ ಮನೆಗಳಲ್ಲೂ ಇದು ಸದ್ದಿಲ್ಲದೆ ನಡೆಯುತ್ತದೆ. ಇದೂ ಸಂಪ್ರದಾಯವೇ, ಇದಕ್ಕೂ ವಾಕ್ಯದಲ್ಲಿ ಹೆಸರು ಹಿಡಿದು ನಿಷೇಧವಿಲ್ಲ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ವಿಧವೆಯರ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ಗ್ರಂಥ ನಮ್ಮದು. ನನ್ನ ಯಜಮಾನರು ಹೋದ ಮೇಲಿನ ಮೊದಲ ಕುಬುಸದಲ್ಲಿ, ಮನೆಯೊಡತಿ ಎಲ್ಲರಿಗಿಂತ ಮೊದಲು ನನ್ನನ್ನೇ ಕರೆದು ಬಸುರಿಯ ಉಡಿ ತುಂಬಿಸಿದಳು. ಉಡಿ ತುಂಬುವುದನ್ನು ಆಕೆ ಕೈಬಿಡಲಿಲ್ಲ, ಅದರೊಳಗಿನ ಮುಳ್ಳನ್ನು ಮಾತ್ರ ಕಿತ್ತು ಹಾಕಿದಳು. ಕ್ರಿಸ್ತನ ಸ್ವಾತಂತ್ರ್ಯವೆಂದು ನಾನು ಕಂಡದ್ದರಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ.

ಇನ್ನೊಂದು ವಿವೇಕ ನಿಮಗೆ ಬೇಕಾಗುತ್ತದೆ. ಬಲಹೀನನಿಗೆ ಎಡವುಗಲ್ಲಾಗಬೇಡಿ ಎಂದು ಪೌಲನು ಹೇಳಿದ್ದನ್ನು ಸಭೆಯಲ್ಲಿ ಜೋರು ದನಿಯವರು ತಮ್ಮ ಆಯುಧ ಮಾಡಿಕೊಂಡಿದ್ದಾರೆ. ನನಗೆ ಸರಿಬರುವುದಿಲ್ಲ, ಆದ್ದರಿಂದ ನೀನು ಬಿಡು ಎನ್ನುತ್ತಾರೆ. ಎಡವುವವನೇ ಬೇರೆ, ಗೊಣಗುವವನೇ ಬೇರೆ. ನಿಮ್ಮನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರೋಧವಾಗಿ ನಡೆದು ಬೀಳುವವನು ಎಡವುವವನು. ಲಿಂಗಾಯತ ಮನೆಯಿಂದ ಬಂದು, ಮಾಂಸದ ವಾಸನೆಗೇ ಹೊಟ್ಟೆ ತೊಳಸಿ, ಆದರೂ ನಿಮ್ಮಂತಾಗಬೇಕೆಂದು ಕಣ್ಣುಮುಚ್ಚಿ ಬಿರಿಯಾನಿ ನುಂಗುವ ಹುಡುಗ ಅಂಥವನು. ಅವನು ಇರುವ ಪ್ರೀತಿಭೋಜನಕ್ಕೆ ಒಂದು ಸಾರಿ ಬರೀ ಬದನೆಕಾಯಿ ಪಲ್ಯ, ಜೋಳದ ರೊಟ್ಟಿ, ಹೋಳಿಗೆ ಮಾಡಿದರೆ ಯಾರಿಗೂ ನಷ್ಟವಿಲ್ಲ. ಕುಡಿತದ ಬಗ್ಗೆಯೂ ನನ್ನ ಮಾತು ಇದೇ, ಹೆಚ್ಚು ಬೆಳೆಸುವುದಿಲ್ಲ. ವಾಕ್ಯವು ಅಮಲನ್ನು ಪಾಪವೆನ್ನುತ್ತದೆ, ಒಂದು ಗುಟುಕನ್ನು ಅಲ್ಲ. ಖಾನಾಪುರದ ಮದುವೆಮನೆಯಲ್ಲಿ ಫೆನಿ ಇಡುವವರನ್ನು ಮೆಥಡಿಸ್ಟಳಾದ ನಾನು ಪಾಪಿಗಳೆಂದು ಕರೆಯಲಾರೆ. ಆದರೆ ಕುಡಿತ ಬಿಟ್ಟು ಮೂರು ತಿಂಗಳಾದ ಒಬ್ಬ ಅಣ್ಣ ನಿಮ್ಮ ಕೂಟಕ್ಕೆ ಬರುತ್ತಾನೆ, ಅವನ ಹೆಂಡತಿ ಮಕ್ಕಳ ಅನ್ನ ಆ ಬಿಡುವಿನ ಮೇಲೆ ನಿಂತಿದೆ. ಅವನೆದುರು ನೀವು ಬಾಟಲಿ ಮುಟ್ಟಬೇಡಿ. ಗೊಣಗುವವನಿಗೆ ಬೀಳುವ ಭಯವಿಲ್ಲ, ಅವನಿಗೆ ತನ್ನ ಮಾತು ನಡೆಯಬೇಕಷ್ಟೆ. ಅವನಿಗೆ ವಿನಯದಿಂದ ಉತ್ತರ ಕೊಡಿ, ಬಗ್ಗಬೇಡಿ.

ಬಗ್ಗುವುದು ಎಲ್ಲಿ, ಬಗ್ಗದಿರುವುದು ಎಲ್ಲಿ ಎಂಬುದಕ್ಕೆ ತಿಮೊಥೆಯ ಮತ್ತು ತೀತರನ್ನು ಒಟ್ಟಿಗೆ ಇಟ್ಟು ನೋಡಿ. ಲುಸ್ತ್ರದಲ್ಲಿ ಯೆಹೂದ್ಯರ ನಡುವೆ ಕೆಲಸ ಮಾಡಬೇಕಿದ್ದ ತಿಮೊಥೆಯನಿಗೆ ಪೌಲನೇ ಸುನ್ನತಿ ಮಾಡಿಸಿದ. ಯೆರೂಸಲೇಮಿನಲ್ಲಿ ತೀತನಿಗೂ ಸುನ್ನತಿಯಾಗಲೇಬೇಕೆಂದು ಕೆಲವರು ಪಟ್ಟುಹಿಡಿದಾಗ ಅದೇ ಪೌಲನು ಒಂದು ಗಳಿಗೆಯೂ ಮಣಿಯಲಿಲ್ಲ. ಆಚಾರ ಒಂದೇ, ಕೇಳಿದ ರೀತಿ ಬೇರೆ. ಜರ್ಮನಿಯ ಲೂಥರನರಿಗೂ ಇದೇ ಪರೀಕ್ಷೆ ಬಂತು. 1548ರಲ್ಲಿ ಚಕ್ರವರ್ತಿಯ ಒತ್ತಡದಲ್ಲಿ ಹಳೆಯ ಉಡುಪು, ಉಪವಾಸ, ವಿಧಿಗಳನ್ನು ಮತ್ತೆ ಹೇರಲು ಹೊರಟಾಗ, ಇವು ವಾಕ್ಯ ಬಿಟ್ಟುಕೊಟ್ಟ ವಿಷಯಗಳು, ಒಪ್ಪೋಣ ಎಂದು ಅವರ ಮುಂದಾಳು ಮೆಲಾಂಕ್ತನ್ ಅಂದರು. ಅವರಲ್ಲೇ ಇನ್ನೊಬ್ಬ ಪಂಡಿತ ಫ್ಲಾಸಿಯಸ್ ಒಪ್ಪಲಿಲ್ಲ. ವಾದ ಇತ್ಯರ್ಥವಾದದ್ದು 1577ರ ವಿಶ್ವಾಸಪತ್ರದಲ್ಲಿ: ಇಂಥವುಗಳನ್ನು ಆಯಾ ಸಭೆ ತನ್ನ ಅನುಕೂಲದಂತೆ ಇಟ್ಟುಕೊಳ್ಳಬಹುದು, ಬದಲಿಸಬಹುದು, ಆದರೆ ಹಿಂಸೆಯ ಹೊತ್ತಿನಲ್ಲಿ ಬಲವಂತವಾಗಿ ಹೇರಿದರೆ ಅಲ್ಲಿ ಮಣಿಯುವುದು ಸುವಾರ್ತೆಯನ್ನು ಬಿಟ್ಟುಕೊಟ್ಟಂತೆ. ಹಾಗಾಗಿ ಹಣೆ ಬರಿದಾಗಿರಲಿ ಎಂದು ನಿಮ್ಮ ಅಜ್ಜಿ ಪ್ರೀತಿಯಿಂದ ಕೇಳಿದರೆ ಬಿಟ್ಟುಬಿಡಿ. ಟಿಕಳಿ ಹಚ್ಚಿದವಳಿಗೆ ರಕ್ಷಣೆಯಿಲ್ಲ ಎಂದು ಒಬ್ಬ ಪ್ರಸಂಗಿ ವೇದಿಕೆಯಿಂದ ಕೂಗಿದರೆ, ಅವತ್ತು ಹಚ್ಚಿಕೊಂಡೇ ಕೂತಿರಿ.

ಭಾಷೆಯ ಬಗ್ಗೆ ಹೇಳದೆ ಬೆಳಗಾವಿಯವಳು ಮಾತು ಮುಗಿಸಲಾರಳು. 1820ರಲ್ಲಿ ಬಳ್ಳಾರಿಯಿಂದ ಜೋಸೆಫ್ ಟೇಲರ್ ಇಲ್ಲಿಗೆ ಬಂದು ಲಂಡನ್ ಮಿಷನ್ನಿನ ಕೆಲಸ ತೊಡಗಿದಾಗಿನಿಂದ ಈ ಊರಿನಲ್ಲಿ ದೇವರನ್ನು ಕನ್ನಡ, ಮರಾಠಿ, ತಮಿಳು, ಇಂಗ್ಲಿಷುಗಳಲ್ಲಿ ಕರೆದಿದ್ದಾರೆ; ಕಥೋಲಿಕರಲ್ಲಿ ಕೊಂಕಣಿ ಸೇರಿಸಿಕೊಳ್ಳಿ. 1953ರಲ್ಲಿ ಬೆಳಗಾವಿಗೆ ಸ್ವಂತ ಧರ್ಮಪ್ರಾಂತ್ಯವಾಯಿತು, 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಅಲ್ಲಿಂದ ಗಡಿಯ ಜಗಳ ಇಗರ್ಜಿಯ ಬಾಗಿಲಿಗೂ ಬಂತು. ನನಗೆ ಕನ್ನಡದ ಮೇಲೆ ಎಷ್ಟು ಅಭಿಮಾನವೆಂದು ನಿಮಗೆ ಗೊತ್ತು, ಬದುಕಿಡೀ ಅದನ್ನೇ ಕಲಿಸಿದವಳು. ಆದರೆ ಯಾವ ಭಾಷೆಯಲ್ಲಿ ಆರಾಧಿಸಬೇಕೆಂದು ವಾಕ್ಯ ಆಜ್ಞಾಪಿಸಿಲ್ಲ. ಮೊಟ್ಟಮೊದಲ ಸಭೆಯ ಮೊದಲ ಒಳಜಗಳವೇ ಭಾಷೆಯ ಗುಂಪುಗಳದು: ದಿನದ ಅನ್ನ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸಿಗುತ್ತಿಲ್ಲ ಎಂಬ ದೂರು. ಅಪೊಸ್ತಲರು ಭಾಷಣ ಮಾಡಲಿಲ್ಲ, ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿ, ಅವರಿಗೆ ಬಡಿಸುವ ಕೆಲಸ ಕೊಟ್ಟರು, ಆ ಏಳೂ ಗ್ರೀಕ್ ಹೆಸರುಗಳು. ನಮ್ಮ ಕನ್ನಡ ಸಭೆಯಲ್ಲಿ ಮರಾಠಿ ಮಾತಾಡುವ ಮುದುಕಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರೆ, ತಿಂಗಳಿಗೊಮ್ಮೆ ಒಂದು ಮರಾಠಿ ಕೀರ್ತನೆ ಹಾಡೋಣ. ಅವಳಿಗಾಗಿ ಅದನ್ನು ಆರಿಸುವವನು ಕನ್ನಡದ ಹುಡುಗನೇ ಆಗಿರಲಿ.

ಹಿಪ್ಪೋವಿನ ಅಗಸ್ತೀನನು ತನ್ನ ತಾಯಿಯ ವಿಷಯ ಒಂದು ಪತ್ರದಲ್ಲಿ ಬರೆದಿದ್ದಾನೆ. ಮಿಲಾನಿನಲ್ಲಿ ಶನಿವಾರ ಉಪವಾಸವಿಲ್ಲದ್ದನ್ನು ಕಂಡು ಆಕೆ ಏನು ಮಾಡಬೇಕೆಂದು ತೋಚದೆ ಗಲಿಬಿಲಿಗೊಂಡಳು. ಮಗ ಹೋಗಿ ಬಿಷಪ್ ಅಂಬ್ರೋಸರನ್ನು ಕೇಳಿದ. ತಾನು ರೋಮಿಗೆ ಹೋದಾಗ ಶನಿವಾರ ಉಪವಾಸವಿರುತ್ತೇನೆ, ಇಲ್ಲಿರುವಾಗ ಇರುವುದಿಲ್ಲ, ಯಾವ ಸಭೆಗೆ ಹೋಗುತ್ತೀರೋ ಅಲ್ಲಿಯ ರೂಢಿಯಂತಿರಿ ಎಂದರಂತೆ ಅವರು. ಕ್ರಿಸ್ಮಸ್ ವಾರದಲ್ಲಿ ನೀವು ಖಾನಾಪುರದ ಹಳ್ಳಿಗಳಿಗೆ ಹಾಡಲು ಹೋಗುವಾಗ ಇದು ನಿಮ್ಮ ಕೈಯಲ್ಲಿರಲಿ. ಚಪ್ಪಲಿ ಹೊರಗೆ ಬಿಡುವ ಕಡೆ ಬಿಡಿ. ನೆಲದ ಮೇಲೆ ಕೂರಿಸಿದರೆ ಕೂರಿ, ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವ ಕಡೆ ಹೊದೆಯಿರಿ. ಡ್ರಮ್ ಬೇಡವೆಂದರೆ ಡೋಲಕ್ ಒಯ್ಯಿರಿ. ಹಂದಿಮಾಂಸದ ಸೊರ್ಪೊತೆಲ್ ಬಡಿಸಿದರೆ ತಿನ್ನುವವರು ತಿನ್ನಿ, ತಿನ್ನದವರು ಸುಮ್ಮನೆ ಅನ್ನ-ಸಾರು ಕೇಳಿ ಹಾಕಿಸಿಕೊಳ್ಳಿ. ಆದರೆ ಹಾಡಲು ಊರ ನಡುವಿನ ಮನೆಗಳಿಗಷ್ಟೇ ಹೋಗಿ, ಕೊನೆಯ ಓಣಿಯನ್ನು ಹೊತ್ತಾಯಿತೆಂದು ಬಿಟ್ಟು ಬರುವ ರೂಢಿ ಈ ವರ್ಷದಿಂದ ಬೇಡ. ಆ ಓಣಿಯಿಂದಲೇ ಶುರುಮಾಡಿ. ರಾತ್ರಿಯ ಊಟಕ್ಕೆ ಅಲ್ಲಿಯ ಮನೆಯವರು ಕರೆದಿದ್ದಾರೆ, ಬರುತ್ತೇವೆಂದು ಈ ವಾರದೊಳಗೇ ಫೋನ್ ಮಾಡಿ ತಿಳಿಸಿ. ಎಷ್ಟು ಜನ ಎಂಬುದನ್ನೂ ಹೇಳಿ, ಅವರು ಅಕ್ಕಿ ಹೊಂದಿಸಿಕೊಳ್ಳಬೇಕು.